ಮನೆ ಮುರಿದಾಗ ಮಗುವಿನ ಮಾತು: ನ್ಯಾಯಮೂರ್ತಿ ಎಲಿಜಬೆತ್ ಬಟ್ಲರ್-ಸ್ಲಾಸ್



ಮನೆಯೊಳಗೆ ವಿರಸ ಹುಟ್ಟಿದಾಗ ನಮ್ಮ ಸಮಾಜದಲ್ಲಿ ಮೊದಲು ಅದನ್ನು ಮುಚ್ಚಿಡುವ ಯತ್ನ ನಡೆಯುತ್ತದೆ. ಮುಚ್ಚಿಡಲಾಗದಾಗ ಹಿರಿಯರು ಕೂಡುತ್ತಾರೆ, ಬೀಗರು ಬರುತ್ತಾರೆ, ಮಠದ ಗುರುಗಳ ಸನ್ನಿಧಿಯಲ್ಲಿ ಬುದ್ಧಿವಾದ ನಡೆಯುತ್ತದೆ. ಇವೆಲ್ಲವೂ ಫಲಿಸದಿದ್ದಾಗ ಮಾತ್ರ ನ್ಯಾಯಾಲಯದ ಮೆಟ್ಟಿಲು. ಅಲ್ಲಿಂದ ಮುಂದೆ ಊರವರು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ: ಗಂಡನಿಗೆ ಏನಾಯಿತು, ಹೆಂಡತಿಗೆ ಎಷ್ಟು ಜೀವನಾಂಶ ಸಿಕ್ಕಿತು, ಒಡವೆ ಯಾರ ಪಾಲಾಯಿತು? ಈ ಇಬ್ಬರ ನಡುವೆ ಬಾಯಿ ಬಿಗಿದು ನಿಂತಿರುವ ಕೂಸು ಏನು ಹೇಳಿತು ಎಂದು ಕೇಳುವವರು ವಿರಳ.

ಆ ಒಂದು ಪ್ರಶ್ನೆಯನ್ನೇ ತಮ್ಮ ವೃತ್ತಿಜೀವನದ ನಡುಗಂಬವಾಗಿ ಮಾಡಿಕೊಂಡ ಮಹಿಳೆಯೊಬ್ಬರನ್ನು ಈ ತಿಂಗಳು ವಾಚಕರಿಗೆ ಪರಿಚಯಿಸಬಯಸುತ್ತೇವೆ. ಅವರು ಇಂಗ್ಲೆಂಡಿನವರು. ಕೌಟುಂಬಿಕ ವ್ಯಾಜ್ಯಗಳ ಬ್ಯಾರಿಸ್ಟರರಾಗಿ ಆರಂಭಿಸಿ, ಆ ದೇಶದ ಉಚ್ಚ ನ್ಯಾಯಾಲಯದ ಕುಟುಂಬ ವಿಭಾಗಕ್ಕೆ ಅಧ್ಯಕ್ಷೆಯಾದ ಮೊತ್ತಮೊದಲ ಮಹಿಳೆ ಎಲಿಜಬೆತ್ ಬಟ್ಲರ್-ಸ್ಲಾಸ್. ದೇಶ ಬೇರೆ, ಧರ್ಮ ಬೇರೆಯಾದರೂ ಅವರು ಎದುರಿಸಿದ ಇಕ್ಕಟ್ಟುಗಳು ನಮ್ಮ ಮನೆಗಳಿಗೂ ಅಪರಿಚಿತವಲ್ಲ.

ಪದವಿಯಿಲ್ಲದ ನ್ಯಾಯವಾದಿ

ಎಲಿಜಬೆತ್ ಜನಿಸಿದ್ದು 1933ರ ಆಗಸ್ಟ್ 10ರಂದು. ತಂದೆ ಸರ್ ಸೆಸಿಲ್ ಹೇವರ್ಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು. ಅಣ್ಣ ಮೈಕೆಲ್ ಹೇವರ್ಸ್ ಮುಂದೆ ಸರಕಾರದ ಅಟಾರ್ನಿ ಜನರಲ್ ಆಗಿ, 1987ರಲ್ಲಿ ಕೆಲಕಾಲ ಲಾರ್ಡ್ ಚಾನ್ಸಲರ್ ಪದವಿಯನ್ನೂ ಅಲಂಕರಿಸಿದರು. ಹೀಗೆ ಕಾನೂನಿನ ಗಾಳಿ ಮನೆಯಲ್ಲೇ ಬೀಸುತ್ತಿತ್ತು. ಆದರೆ ಎಲಿಜಬೆತ್ ಅವರ ಬಳಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೆಲಕಾಲ ಓದಿದ್ದುಂಟು. ಆಗಿನ ಇಂಗ್ಲೆಂಡಿನಲ್ಲಿ ಪದವಿಯಿಲ್ಲದೆಯೂ ಬ್ಯಾರಿಸ್ಟರ್ ಪರೀಕ್ಷೆಗೆ ಕೂರಬಹುದಿತ್ತು. ಆ ದಾರಿ ಹಿಡಿದು 1955ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್‌ನಿಂದ ಅವರು ಸನದು ಪಡೆದರು.

ಆ ವರ್ಷವೇ ಅವರ ತಂದೆಯವರ ಮುಂದೆ ಇಡೀ ಬ್ರಿಟನ್ನನ್ನು ಕಲಕಿದ ಕೊಲೆ ಮೊಕದ್ದಮೆಯೊಂದು ಬಂತು. ಪ್ರಿಯಕರನನ್ನು ಗುಂಡಿಟ್ಟು ಕೊಂದ ರೂತ್ ಎಲಿಸ್ ಎಂಬಾಕೆಗೆ ಸರ್ ಸೆಸಿಲ್ ಅವರು ಕಾನೂನಿನಂತೆ ಮರಣದಂಡನೆ ವಿಧಿಸಬೇಕಾಯಿತು. ಬ್ರಿಟನ್ನಿನಲ್ಲಿ ಗಲ್ಲಿಗೇರಿದ ಕೊನೆಯ ಮಹಿಳೆ ಆಕೆ. ನ್ಯಾಯಪೀಠದಲ್ಲಿ ಕುಳಿತವರ ಹೆಗಲಿಗೆ ಎಂಥ ಭಾರ ಬೀಳುತ್ತದೆಂಬುದು ವಕೀಲಿಯ ಹೊಸ್ತಿಲಲ್ಲೇ ಮಗಳ ಕಣ್ಣೆದುರು ನಡೆದುಹೋಯಿತು.

1958ರಲ್ಲಿ ಜೋಸೆಫ್ ಬಟ್ಲರ್-ಸ್ಲಾಸ್ ಅವರೊಡನೆ ವಿವಾಹ. ಅವರೂ ವಕೀಲರು, ಮುಂದೆ ಕೀನ್ಯಾ ದೇಶದಲ್ಲಿ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ದಂಪತಿಗೆ ಮೂವರು ಮಕ್ಕಳು. 1959ರ ಸಾರ್ವತ್ರಿಕ ಚುನಾವಣೆಯಲ್ಲಿ ಲಂಡನ್ನಿನ ವಾಕ್ಸ್‌ಹಾಲ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ನಿಂತು ಸೋತರು. ರಾಜಕೀಯ ಅಲ್ಲಿಗೆ ಮುಗಿಯಿತು. ನ್ಯಾಯಾಲಯದ ಕಾಯಕವೇ ಅವರ ಪಾಲಿನದಾಯಿತು.

ಉಯಿಲು, ವಿಚ್ಛೇದನ ಮತ್ತು ಹಡಗು

ಅಂದಿನ ಇಂಗ್ಲೆಂಡಿನಲ್ಲಿ ಕುಟುಂಬದ ವ್ಯಾಜ್ಯಗಳಿಗೆ ಎಂಥ ಸ್ಥಾನವಿತ್ತೆಂಬುದನ್ನು ಇಲ್ಲಿ ತಿಳಿಯುವುದು ಒಳ್ಳೆಯದು. ಉಚ್ಚ ನ್ಯಾಯಾಲಯದಲ್ಲಿ ಒಂದೇ ವಿಭಾಗ ಮೂರು ಬಗೆಯ ವಿಷಯಗಳನ್ನು ವಿಚಾರಿಸುತ್ತಿತ್ತು: ಸತ್ತವರ ಉಯಿಲು, ಗಂಡಹೆಂಡಿರ ವಿಚ್ಛೇದನ, ಸಮುದ್ರದಲ್ಲಿ ಡಿಕ್ಕಿಯಾದ ಹಡಗುಗಳ ತಗಾದೆ! ಹತ್ತೊಂಬತ್ತನೆಯ ಶತಮಾನದ ಏರ್ಪಾಟಿನ ಈ ವಿಚಿತ್ರ ಸಂಸಾರ ಬೇರೆಬೇರೆಯಾದದ್ದು 1971ರಲ್ಲಿ. ಆಗಲೇ 'ಕುಟುಂಬ ವಿಭಾಗ' ಎಂಬ ಹೆಸರು ಬಂದದ್ದು. ಅದಕ್ಕೆ ಮುಂಚೆ ವಿಚ್ಛೇದನ ಬೇಕಾದರೆ ಗಂಡ ಅಥವಾ ಹೆಂಡತಿ ತಪ್ಪಿತಸ್ಥರೆಂದು ರುಜುವಾಗಬೇಕಿತ್ತು: ವ್ಯಭಿಚಾರ, ಕ್ರೌರ್ಯ, ಪರಿತ್ಯಾಗ ಇತ್ಯಾದಿ. ಪರಸ್ಪರ ಕೆಸರೆರಚಿದಷ್ಟೂ ಮೊಕದ್ದಮೆಗೆ ಬಲ. 1969ರ ಕಾಯಿದೆ ಈ ನೋಟವನ್ನು ಬದಲಿಸಿ, ಮತ್ತೆ ಕೂಡಿಸಲಾಗದಂತೆ ದಾಂಪತ್ಯ ಮುರಿದಿದೆಯೇ ಎಂಬುದನ್ನೇ ಮುಖ್ಯ ಪ್ರಶ್ನೆಯನ್ನಾಗಿಸಿತು.

ಕೌಟುಂಬಿಕ ಕಾನೂನೆಂದರೆ ವಕೀಲರ ವಲಯದಲ್ಲಿ ಅಷ್ಟೇನೂ ಗೌರವದ ಕ್ಷೇತ್ರವಾಗಿರಲಿಲ್ಲ. ಅದು ಹೆಂಗಸರಿಗೆ ತಕ್ಕ ಕೆಲಸವೆಂಬ ಭಾವನೆ ಇತ್ತು. ಹೆಂಗಸರೆಂಬ ಕಾರಣಕ್ಕೆ ತಮಗೆ ಬಿಟ್ಟುಕೊಟ್ಟ ಈ ಮೂಲೆಯನ್ನೇ ಎಲಿಜಬೆತ್ ಅವರ ತಲೆಮಾರಿನ ಮಹಿಳಾ ವಕೀಲರು ಹಸನುಮಾಡಿಕೊಂಡರು.

1970ರಲ್ಲಿ ಅವರು ವಕೀಲಿ ಬಿಟ್ಟು ಲಂಡನ್ನಿನ ಪ್ರಧಾನ ನೋಂದಣಿ ಕಚೇರಿಯಲ್ಲಿ ರಿಜಿಸ್ಟ್ರಾರ್ ಆದರು. ಹೆಸರು ಕೇಳಿದರೆ ಗುಮಾಸ್ತಿಕೆಯ ಹುದ್ದೆಯೆನಿಸೀತು. ವಾಸ್ತವದಲ್ಲಿ ಅದು ಕೆಳಹಂತದ ನ್ಯಾಯಾಧೀಶರ ಕೆಲಸ. ವಿಚ್ಛೇದನದ ಬಳಿಕ ಮನೆ ಯಾರಿಗೆ, ತಿಂಗಳ ಖರ್ಚಿಗೆ ಎಷ್ಟು, ಮಕ್ಕಳ ಶಾಲೆಯ ಶುಲ್ಕ ಯಾರು ಕಟ್ಟಬೇಕು ಎಂಬಂಥ ಲೆಕ್ಕಾಚಾರಗಳು ಅಲ್ಲಿ ಬಗೆಹರಿಯುತ್ತಿದ್ದವು. ಒಂಬತ್ತು ವರ್ಷ ಈ ಕೆಲಸದಲ್ಲಿ ಕಳೆದರು. ಒಂದು ಸಂಸಾರ ಎರಡಾದಾಗ ಅಕ್ಕಿಬೇಳೆಯ ಖರ್ಚೂ ಎರಡಾಗುತ್ತದೆಂಬ ಸತ್ಯವನ್ನು ಇಷ್ಟು ಹತ್ತಿರದಿಂದ ಕಂಡ ಮೇಲೆಯೇ ಅವರು ಉಚ್ಚ ಪೀಠವನ್ನು ಏರಿದ್ದು. 1979ರಲ್ಲಿ ಉಚ್ಚ ನ್ಯಾಯಾಲಯದ ಕುಟುಂಬ ವಿಭಾಗಕ್ಕೆ ನ್ಯಾಯಮೂರ್ತಿಯಾದರು. ಇಂಗ್ಲೆಂಡಿನಲ್ಲಿ ಆ ಪದವಿಗೇರಿದ ನಾಲ್ಕನೆಯ ಮಹಿಳೆ ಅವರು. ಮೊದಲನೆಯವರಾದ ಎಲಿಜಬೆತ್ ಲೇನ್ ಅವರ ನೇಮಕವಾದದ್ದು 1965ರಲ್ಲಷ್ಟೆ.

ಕ್ಲೀವ್‌ಲ್ಯಾಂಡಿನ ನೂರಿಪ್ಪತ್ತೊಂದು ಮಕ್ಕಳು

ಅವರ ಹೆಸರನ್ನು ದೇಶದ ಮನೆಮನೆಗೂ ತಲುಪಿಸಿದ್ದು ಒಂದು ದುಃಖದ ಪ್ರಕರಣ. ಇಂಗ್ಲೆಂಡಿನ ಈಶಾನ್ಯದಲ್ಲಿ ಟೀಸ್ ನದಿಯ ಬದಿಗೆ ಆಗ ಕ್ಲೀವ್‌ಲ್ಯಾಂಡ್ ಎಂಬ ಜಿಲ್ಲೆಯಿತ್ತು. ಅಲ್ಲಿನ ಮಿಡಲ್ಸ್‌ಬರೊ ಪಟ್ಟಣದ ಆಸ್ಪತ್ರೆಯಲ್ಲಿ 1987ರ ಕೆಲವೇ ತಿಂಗಳುಗಳಲ್ಲಿ ಇಬ್ಬರು ಮಕ್ಕಳ ವೈದ್ಯರು 121 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ನಿರ್ಣಯಿಸಿದರು. ಅನೇಕ ಮಕ್ಕಳ ವಿಷಯದಲ್ಲಿ ಈ ನಿರ್ಣಯ ಒಂದು ದೈಹಿಕ ಲಕ್ಷಣದ ಮೇಲೆ ಬಹುಮಟ್ಟಿಗೆ ನಿಂತಿತ್ತು. ಸಮಾಜ ಕಲ್ಯಾಣ ಇಲಾಖೆಯವರು ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿದರು. ಆಸ್ಪತ್ರೆಯ ವಾರ್ಡುಗಳು ತುಂಬಿಹೋದವು. ವೈದ್ಯರ ಮಾತನ್ನು ಪೊಲೀಸರು ಒಪ್ಪಲಿಲ್ಲ. ಒಂದು ಇಲಾಖೆ ಮತ್ತೊಂದರೊಡನೆ ಸಹಕರಿಸುವುದನ್ನೇ ಬಿಟ್ಟಿತು. ಬೀದಿಯಲ್ಲಿ ಪಾಲಕರ ಆಕ್ರೋಶ, ಪತ್ರಿಕೆಗಳಲ್ಲಿ ಪರಸ್ಪರ ದೂಷಣೆ.

ಸರಕಾರ ವಿಚಾರಣೆಗೆ ಆದೇಶಿಸಿ ಅದರ ಹೊಣೆಯನ್ನು ನ್ಯಾಯಮೂರ್ತಿ ಬಟ್ಲರ್-ಸ್ಲಾಸ್ ಅವರಿಗೆ ವಹಿಸಿತು. 1988ರ ಜುಲೈನಲ್ಲಿ ವರದಿ ಪ್ರಕಟವಾಯಿತು. ಅವರು ಒಂದು ಪಕ್ಷಕ್ಕೆ ಜಯಕಾರ ಹಾಕಲಿಲ್ಲ. ವೈದ್ಯರು ತಮ್ಮ ನಿರ್ಣಯದಲ್ಲಿ ಅತಿಯಾದ ಭರವಸೆಯಿಟ್ಟರೆಂದರು. ಸಮಾಜ ಕಲ್ಯಾಣದವರು ಆತುರಪಟ್ಟರೆಂದರು. ಪೊಲೀಸರು ಕೈಚೆಲ್ಲಿ ದೂರ ಸರಿದರೆಂದರು. ಅದೇ ಉಸಿರಿನಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ನಿಜವಾದ ಪಿಡುಗು, ಸಮಾಜ ಅದನ್ನು ಕಾಣದಂತೆ ಕಣ್ಣುಮುಚ್ಚಿಕೊಳ್ಳಬಾರದೆಂದೂ ಸ್ಪಷ್ಟಪಡಿಸಿದರು. ಬಹುಪಾಲು ಮಕ್ಕಳು ಕಾಲಕ್ರಮದಲ್ಲಿ ಮನೆಗೆ ಮರಳಿದರು. ಎಷ್ಟು ಮಕ್ಕಳ ಮೇಲೆ ನಿಜವಾಗಿ ದೌರ್ಜನ್ಯ ನಡೆದಿತ್ತೆಂಬುದನ್ನು ತೀರ್ಮಾನಿಸುವುದು ಆ ವಿಚಾರಣೆಯ ಕೆಲಸವಾಗಿರಲಿಲ್ಲ.

ವರದಿಯ ತಿರುಳು ಒಂದು ಸರಳ ಮಾತಿನಲ್ಲಿದೆ. ಮಗುವನ್ನು ರಕ್ಷಿಸಬೇಕೆಂಬ ಉತ್ಸಾಹದಲ್ಲಿ ದೊಡ್ಡವರು ಮಗುವನ್ನೇ ಒಂದು ವಸ್ತುವಿನಂತೆ ಕಂಡರು. ಮಗು ತನ್ನದೇ ಮನಸ್ಸುಳ್ಳ ವ್ಯಕ್ತಿಯೆಂಬುದನ್ನು ಮರೆತರು ಎಂಬುದೇ ಅದು. ಮಗುವಿಗೆ ಏನಾಗುತ್ತಿದೆಯೆಂದು ಅದರ ವಯಸ್ಸಿಗೆ ತಕ್ಕಂತೆ ತಿಳಿಸಬೇಕು, ಸಾಕ್ಷ್ಯಕ್ಕಾಗಿ ಮತ್ತೆ ಮತ್ತೆ ತಪಾಸಣೆಗೆ ಒಳಪಡಿಸಬಾರದು, ಪದೇಪದೇ ಪ್ರಶ್ನಿಸಿ ಪೀಡಿಸಬಾರದು, ಅದು ಹೇಳುವುದನ್ನು ಕಿವಿಗೊಟ್ಟು ಕೇಳಬೇಕು, ಈಡೇರಿಸಲಾಗದ ಭರವಸೆಯನ್ನು ಅದಕ್ಕೆ ಕೊಡಬಾರದು. ಇವು ಆ ವರದಿಯ ಸೂಚನೆಗಳು.

ಈ ಮಾತು ನಮಗೆ ಹೊಸದೆನಿಸಬಾರದು. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಇನ್ನೂ ಕಣ್ಣು ನಿಲ್ಲದ ಶಿಶುವಿಗೂ ತನ್ನದೇ ಇಷ್ಟಲಿಂಗವಿದೆ. ತಂದೆಯ ಲಿಂಗ ತಂದೆಗೆ, ತಾಯಿಯ ಲಿಂಗ ತಾಯಿಗೆ. ಮಗು ನಮ್ಮ ಮೂಲಕ ಬಂದದ್ದೇ ಹೊರತು ನಮ್ಮ ಸೊತ್ತಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಆಚರಣೆ ಮತ್ತೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಆಚರಣೆಯನ್ನು ಉಳಿಸಿಕೊಂಡು ಅದರ ಅರ್ಥವನ್ನು ಕಳೆದುಕೊಂಡಿದ್ದೇವೆಯೇ ಎಂಬುದು ಪ್ರತಿ ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕ್ಲೀವ್‌ಲ್ಯಾಂಡಿನ ಪಾಠ ಮರುವರ್ಷದ ಕಾಯಿದೆಯೊಳಗೂ ಸೇರಿತು. 1989ರ ಮಕ್ಕಳ ಕಾಯಿದೆ 1991ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ತುರ್ತಿನಲ್ಲಿ ಮಗುವನ್ನು ಮನೆಯಿಂದ ಬೇರ್ಪಡಿಸುವ ಆದೇಶದ ಅವಧಿ ಹಿಂದೆ 28 ದಿನಗಳವರೆಗೆ ಇರಬಹುದಿತ್ತು; ಹೊಸ ಕಾಯಿದೆ ಅದನ್ನು ಮೊದಲಿಗೆ 8 ದಿನಕ್ಕೆ ಇಳಿಸಿತು. ಪಾಲಕರ 'ಹಕ್ಕು' ಎಂಬುದರ ಬದಲಿಗೆ ಪಾಲಕರ 'ಹೊಣೆ' ಎಂಬ ಕಲ್ಪನೆ ಮುಂದೆ ಬಂತು. ನ್ಯಾಯಾಧೀಶರು ಪರಿಗಣಿಸಬೇಕಾದ ಅಂಶಗಳ ಪಟ್ಟಿಯಲ್ಲಿ ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ಅನುಗುಣವಾಗಿ ಅದರ ಇಚ್ಛೆ ಹಾಗೂ ಭಾವನೆಗಳಿಗೇ ಮೊದಲ ಸ್ಥಾನ ದೊರೆಯಿತು.

ಮಹಿಳೆಯಾದರೂ 'ಲಾರ್ಡ್'

1988ರಲ್ಲೇ ಅವರು ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. ಆ ಪೀಠವೇರಿದ ಪ್ರಥಮ ಮಹಿಳೆ. ಆಗ ಒಂದು ನಗೆಪಾಟಲಿನ ಪ್ರಸಂಗ ಎದುರಾಯಿತು. ಆ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು 'ಲಾರ್ಡ್ ಜಸ್ಟಿಸ್' ಎನ್ನಬೇಕೆಂದು ಶಾಸನದಲ್ಲಿ ಬರೆದಿತ್ತು. ಮಹಿಳೆಯೊಬ್ಬರು ಅಲ್ಲಿ ಬಂದು ಕೂರುವರೆಂಬುದು ಶಾಸನ ಬರೆದವರ ಊಹೆಗೆ ನಿಲುಕಿರಲಿಲ್ಲ. ಹೀಗಾಗಿ ಮೂರು ಮಕ್ಕಳ ತಾಯಿ ಅಧಿಕೃತವಾಗಿ 'ಲಾರ್ಡ್ ಜಸ್ಟಿಸ್ ಬಟ್ಲರ್-ಸ್ಲಾಸ್' ಆದರು! 1994ರಲ್ಲಿ 'ಲೇಡಿ ಜಸ್ಟಿಸ್' ಎಂದು ಕರೆಯಲು ಅವಕಾಶವಾಯಿತು. ಶಾಸನವೇ ತಿದ್ದುಪಡಿಯಾದದ್ದು 2003ರ ಕಾಯಿದೆಯಿಂದ. ಆ ನ್ಯಾಯಾಲಯಕ್ಕೆ ಎರಡನೆಯ ಮಹಿಳೆಯಾಗಿ ಬ್ರೆಂಡಾ ಹೇಲ್ ಬಂದದ್ದು 1999ರಲ್ಲಿ. ಹನ್ನೊಂದು ವರ್ಷ ಆ ಪೀಠದಲ್ಲಿ ಅವರು ಒಬ್ಬರೇ ಮಹಿಳೆ.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿ, ಅಕ್ಕನಾಗಮ್ಮ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮನವರಂಥ ಶರಣೆಯರು ಗಂಡಸರ ಸಮಕ್ಕೆ ಕುಳಿತು ವಾದಿಸಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಇಂದು ನಮ್ಮೂರಿನ ನ್ಯಾಯಪಂಚಾಯಿತಿಯ ಜಮಖಾನದ ಮೇಲೆ ಎಷ್ಟು ಮಂದಿ ತಾಯಂದಿರು ಕೂರುತ್ತಾರೆ? ಪರರ ದೇಶದ ಶಾಸನವನ್ನು ನೋಡಿ ನಗುವ ಮುನ್ನ ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅಧ್ಯಕ್ಷೆಯ ಪೀಠದಿಂದ

1999ರಿಂದ 2005ರವರೆಗೆ ಅವರು ಕುಟುಂಬ ವಿಭಾಗದ ಅಧ್ಯಕ್ಷೆಯಾಗಿದ್ದರು. ಈ ಅವಧಿಯ ಕೆಲವು ತೀರ್ಪುಗಳನ್ನು ವಾಚಕರ ಮುಂದಿಡುತ್ತೇವೆ.

2000ನೆಯ ಇಸವಿಯಲ್ಲಿ ಮೇಲ್ಮನವಿ ನ್ಯಾಯಾಲಯ ನಾಲ್ಕು ಪ್ರಕರಣಗಳನ್ನು ಒಟ್ಟಿಗೆ ವಿಚಾರಿಸಿತು. ನಾಲ್ಕರಲ್ಲೂ ಮಗುವಿನ ತಾಯಿಯನ್ನು ಹಿಂಸಿಸಿದ ತಂದೆಯಂದಿರು ಮಕ್ಕಳ ಭೇಟಿಗೆ ಅವಕಾಶ ಕೇಳಿದ್ದರು. ತಂದೆಯೆಂಬ ಮಾತ್ರಕ್ಕೆ ಭೇಟಿ ಕೊಡಲೇಬೇಕೇ? ಹೊಡೆದನೆಂಬ ಮಾತ್ರಕ್ಕೆ ಎಂದಿಗೂ ಕೊಡಬಾರದೇ? ಎರಡೂ ತುದಿಗಳನ್ನು ಬಿಟ್ಟು, ಹಿಂಸೆಯ ಆರೋಪ ಬಂದಾಗ ಮೊದಲು ಅದು ನಿಜವೇ ಎಂದು ವಿಚಾರಿಸಬೇಕು, ನಿಜವಾದರೆ ಮಗುವಿನ ಮೇಲೆ ಹಾಗೂ ಅದನ್ನು ಸಾಕುವ ತಾಯಿಯ ಮೇಲೆ ಅದರ ಪರಿಣಾಮವೇನೆಂದು ಅಳೆಯಬೇಕು ಎಂಬ ದಾರಿಯನ್ನು ನ್ಯಾಯಾಲಯ ತೋರಿತು. ತಾಯಿಯ ಮೈಮೇಲೆ ಏಟು ಬೀಳುವುದನ್ನು ಕಂಡ ಮಗುವೂ ಗಾಯಗೊಂಡಿರುತ್ತದೆಂಬುದನ್ನು ಆ ವಿಚಾರಣೆಯಲ್ಲಿ ಮನೋವೈದ್ಯರು ವಿವರಿಸಿದ್ದರು.

2001ರಲ್ಲಿ ಮತ್ತೊಂದು ಪ್ರಶ್ನೆ. ವಿಚ್ಛೇದನದ ನಂತರ ತಾಯಿ ತನ್ನ ತವರಾದ ನ್ಯೂಜಿಲೆಂಡಿಗೆ ಮಗಳೊಡನೆ ಮರಳಬಯಸಿದಳು, ತಂದೆ ವಿರೋಧಿಸಿದ. ಬಟ್ಲರ್-ಸ್ಲಾಸ್ ಅವರಿದ್ದ ಪೀಠ ತಾಯಿಗೆ ಅನುಮತಿ ನೀಡಿತು. ಮಗುವನ್ನು ಸಾಕುವವಳ ಮನಸ್ಸು ಕುಸಿದರೆ ಮಗುವಿಗೂ ಕೇಡೆಂಬ ವಾದಕ್ಕೆ ಅಲ್ಲಿ ತೂಕ ಸಿಕ್ಕಿತು. ಈ ತೀರ್ಪು ತಂದೆಯ ಪಾಲನ್ನು ಕಡೆಗಣಿಸಿತೆಂಬ ಟೀಕೆ ಬಲವಾಗಿಯೇ ಬಂತು. ಮುಂದಿನ ವರ್ಷಗಳಲ್ಲಿ ನ್ಯಾಯಾಲಯಗಳು ಅದನ್ನು ಕಟ್ಟುನಿಟ್ಟಿನ ಸೂತ್ರವೆಂದು ಕಾಣದೆ ಕೇವಲ ಮಾರ್ಗದರ್ಶನವೆಂದು ಪರಿಗಣಿಸತೊಡಗಿದವು. ಮಗುವಿನ ಕ್ಷೇಮವೊಂದೇ ನಿಜವಾದ ಸೂತ್ರವೆಂಬುದು ಅವುಗಳ ನಿಲುವು.

ಅದೇ ವರ್ಷದ ಜನವರಿಯ ತೀರ್ಪೊಂದು ಅವರಿಗೆ ಬಹಳ ಟೀಕೆಯನ್ನು ತಂದಿತು. 1993ರಲ್ಲಿ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೊಂದಿದ್ದರು. ಅವರು ಹದಿನೆಂಟು ದಾಟಿ ಬಿಡುಗಡೆಯ ಹೊಸ್ತಿಲಲ್ಲಿದ್ದಾಗ, ಅವರ ಹೊಸ ಗುರುತನ್ನು ಯಾರೂ ಪ್ರಕಟಿಸಬಾರದೆಂದು ಬಟ್ಲರ್-ಸ್ಲಾಸ್ ಎಲ್ಲರಿಗೂ ಅನ್ವಯಿಸುವ ತಡೆಯಾಜ್ಞೆ ನೀಡಿದರು. ಗುರುತು ಸಿಕ್ಕರೆ ಅವರ ಪ್ರಾಣಕ್ಕೇ ಅಪಾಯವಿದೆ, ಜೀವದ ಹಕ್ಕು ಎಲ್ಲರಿಗೂ ಇದೆ ಎಂಬುದು ಅವರ ಕಾರಣ. ಮಗುವನ್ನು ಕಳೆದುಕೊಂಡ ತಾಯ್ತಂದೆಯರ ಸಂಕಟದ ಎದುರು ಈ ಮಾತು ಕಠೋರವೆನಿಸಿದ್ದು ಸಹಜ. ಆದರೆ ನ್ಯಾಯಪೀಠ ಜನರ ಸಿಟ್ಟಿಗೆ ಕೈಗೋಲಾಗಕೂಡದೆಂಬುದನ್ನು ಅವರು ತೋರಿಸಿಕೊಟ್ಟರೆಂದೇ ನಮ್ಮ ಅಭಿಪ್ರಾಯ.

ಸಾವಿನ ಹೊಸ್ತಿಲ ಪ್ರಶ್ನೆಗಳೂ ಅವರೆದುರು ಬಂದವು. 2002ರಲ್ಲಿ ಕುತ್ತಿಗೆಯಿಂದ ಕೆಳಗೆ ಪೂರ್ಣ ಪಾರ್ಶ್ವವಾಯುವಿಗೆ ಒಳಗಾದ ಮಹಿಳೆಯೊಬ್ಬರು ತಮ್ಮ ಉಸಿರಾಟದ ಯಂತ್ರವನ್ನು ನಿಲ್ಲಿಸಬೇಕೆಂದು ಕೇಳಿದರು. ವೈದ್ಯರು ಒಪ್ಪಲಿಲ್ಲ. ನ್ಯಾಯಮೂರ್ತಿಗಳು ಆಸ್ಪತ್ರೆಗೆ ಹೋಗಿ ಹಾಸಿಗೆಯ ಬಳಿಯಲ್ಲೇ ಆಕೆಯ ಮಾತನ್ನು ಆಲಿಸಿದರು. ಆಕೆಯ ಬುದ್ಧಿ ಸ್ಪಷ್ಟವಾಗಿದೆ, ಬೇಡವೆಂದ ಚಿಕಿತ್ಸೆಯನ್ನು ಮುಂದುವರಿಸಿದ್ದು ಕಾನೂನುಬಾಹಿರವೆಂದು ತೀರ್ಪಿತ್ತು, ಆಸ್ಪತ್ರೆಯ ಮೇಲೆ ನೂರು ಪೌಂಡುಗಳ ಸಾಂಕೇತಿಕ ಪರಿಹಾರ ವಿಧಿಸಿದರು. ಇದಕ್ಕೆ ಹತ್ತು ವರ್ಷ ಮೊದಲು, 1992ರಲ್ಲಿ, ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಪ್ರಜ್ಞೆ ಕಳೆದುಕೊಂಡ ಯುವಕನೊಬ್ಬನ ಏರ್‌ಡೇಲ್ ಪ್ರಕರಣವನ್ನು ವಿಚಾರಿಸಿದ ಮೇಲ್ಮನವಿ ಪೀಠದಲ್ಲೂ ಅವರಿದ್ದರು. ಆ ಪ್ರಕರಣಕ್ಕೂ ಕನ್ನಡನಾಡಿಗೂ ಒಂದು ಸಂಬಂಧವಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರು 1973ರ ಅಮಾನುಷ ಹಲ್ಲೆಯ ಬಳಿಕ ದಶಕಗಳ ಕಾಲ ಹಾಸಿಗೆ ಹಿಡಿದರಷ್ಟೆ. ಅವರ ವಿಷಯದಲ್ಲಿ 2011ರಲ್ಲಿ ತೀರ್ಪು ನೀಡುವಾಗ ನಮ್ಮ ಸರ್ವೋಚ್ಚ ನ್ಯಾಯಾಲಯ ಆಧರಿಸಿದ್ದು ಅದೇ ಏರ್‌ಡೇಲ್ ಪ್ರಕರಣವನ್ನು. ಗೌರವದ ಸಾವಿನ ಹಕ್ಕನ್ನು 2018ರಲ್ಲಿ ಸಾಂವಿಧಾನಿಕ ಪೀಠ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಒಲ್ಲೆನೆನ್ನುವ ವಿವೇಕ

ನಿವೃತ್ತಿಯ ನಂತರ 2006ರಲ್ಲಿ ಅವರು ಯಾವ ಪಕ್ಷಕ್ಕೂ ಸೇರದ ಸದಸ್ಯೆಯಾಗಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯನ್ನು ಪ್ರವೇಶಿಸಿದರು. ಅದೇ ವರ್ಷ ರಾಜಕುಮಾರಿ ಡಯಾನಾ ಅವರ ಸಾವಿನ ವಿಚಾರಣೆಯ ಹೊಣೆ ಅವರಿಗೆ ಬಂತು. ಆ ವಿಚಾರಣೆ ಜ್ಯೂರಿಯ ಮುಂದೆ ನಡೆಯಬೇಕೆಂದು ಗೊತ್ತಾದಾಗ, ಜ್ಯೂರಿ ನಡೆಸಿದ ಅನುಭವ ತಮಗಿಲ್ಲವೆಂದು ಹೇಳಿ 2007ರಲ್ಲಿ ಹೊಣೆಯನ್ನು ಬಿಟ್ಟುಕೊಟ್ಟರು.

2014ರ ಜುಲೈ 8ರಂದು ಬ್ರಿಟಿಷ್ ಸರಕಾರ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಬೃಹತ್ ವಿಚಾರಣೆಗೆ ಅವರನ್ನೇ ನೇಮಿಸಿತು. ಕ್ಲೀವ್‌ಲ್ಯಾಂಡಿನ ಅನುಭವಿಗಿಂತ ಯೋಗ್ಯರು ಯಾರು ಎಂದು ಹಲವರು ಅಂದರು. ಆದರೆ ನೊಂದವರು ಬೇರೊಂದು ಪ್ರಶ್ನೆ ಎತ್ತಿದರು: ವಿಚಾರಣೆಗೆ ಒಳಪಡುವ ಕಾಲದಲ್ಲಿ ಅಟಾರ್ನಿ ಜನರಲ್ ಆಗಿದ್ದವರು ಇವರ ಅಣ್ಣ; ತಂಗಿ ಅಣ್ಣನ ಕಾಲದ ನಡೆವಳಿಯನ್ನು ಹೇಗೆ ತೂಗಿಯಾರು? ಆರೇ ದಿನಗಳಲ್ಲಿ, ಜುಲೈ 14ರಂದು, ಅವರು ಹಿಂದೆ ಸರಿದರು. ಅವರ ಪ್ರಾಮಾಣಿಕತೆಯನ್ನು ಸಂದೇಹಿಸಲು ಕಾರಣವಿರಲಿಲ್ಲ. ಆದರೆ ನೊಂದವರಿಗೆ ವಿಶ್ವಾಸ ಹುಟ್ಟದ ಪೀಠದಲ್ಲಿ ಎಷ್ಟು ಯೋಗ್ಯರು ಕುಳಿತರೇನು ಫಲ? ಹುಟ್ಟಿದ ಮನೆತನದಿಂದ ಬಂದ ಅನುಕೂಲಗಳ ಜೊತೆಗೆ ಅದರ ಅಡ್ಡಿಗಳೂ ಬರುತ್ತವೆ.

ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿಸಿ ಬರಲು ಹೇಳಿದ ಲಕ್ಕಮ್ಮನವರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ತಮಗೆ ಸಲ್ಲದ ಅಕ್ಕಿಯಂತೆ ತಮಗೆ ಸಲ್ಲದ ಪೀಠವನ್ನೂ ಮರಳಿಸಲು ಬರಬೇಕು. ಸಂಘಸಂಸ್ಥೆಗಳ ಅಧ್ಯಕ್ಷಗಿರಿಗಾಗಿ ನಮ್ಮವರಲ್ಲೇ ನಡೆಯುವ ಹಗ್ಗಜಗ್ಗಾಟವನ್ನು ಕಂಡವರಿಗೆ ಈ ಮಾತು ಇನ್ನಷ್ಟು ಅರ್ಥವಾದೀತು.

ನಮ್ಮ ಕಾನೂನು, ನಮ್ಮ ಮನೆ

ಎಲಿಜಬೆತ್ ಅವರು ಸನದು ಪಡೆದ 1955ರಲ್ಲೇ ನಮ್ಮ ದೇಶದಲ್ಲಿ ಹಿಂದೂ ವಿವಾಹ ಕಾಯಿದೆ ಬಂತು. ಯಾರಿಗೆ ಅನ್ವಯಿಸುತ್ತದೆಂದು ಹೇಳುವ ಅದರ ಎರಡನೆಯ ಕಲಮಿನಲ್ಲಿ ವೀರಶೈವ ಹಾಗೂ ಲಿಂಗಾಯತರ ಹೆಸರನ್ನು ಪ್ರತ್ಯೇಕವಾಗಿ ನಮೂದಿಸಿದೆ. ಆದುದರಿಂದ ನಮ್ಮ ಮನೆಗಳ ವಿಚ್ಛೇದನ, ಜೀವನಾಂಶಗಳು ಈ ಕಾಯಿದೆಯಂತೆಯೇ ತೀರ್ಮಾನವಾಗುತ್ತವೆ. 1956ರ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆಯ ಹದಿಮೂರನೆಯ ಕಲಮು ಮಗುವಿನ ಕ್ಷೇಮವೇ ಪರಮವೆನ್ನುತ್ತದೆ. ಅದಕ್ಕೂ ಹಳೆಯದಾದ 1890ರ ಪೋಷಕರ ಕಾಯಿದೆ, ವಿವೇಚಿಸಿ ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ನ್ಯಾಯಾಲಯ ಗಮನಿಸಬಹುದೆಂದು ಹದಿನೇಳನೆಯ ಕಲಮಿನಲ್ಲಿ ಹೇಳಿದೆ. ಅಂದರೆ ಮಗುವಿನ ಮಾತಿಗೆ ನಮ್ಮ ಶಾಸನದಲ್ಲಿ ನೂರು ವರ್ಷಕ್ಕೂ ಮಿಕ್ಕ ಕಾಲದಿಂದ ಜಾಗವಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ ರಾಜಿಗೆ ಮೊದಲ ಮನ್ನಣೆ ಕೊಟ್ಟು, ನ್ಯಾಯಾಧೀಶರ ನೇಮಕದಲ್ಲಿ ಮಹಿಳೆಯರಿಗೆ ಆದ್ಯತೆ ನೀಡಬೇಕೆಂದೂ ಸೂಚಿಸಿದೆ. 2012ರ ಪೋಕ್ಸೊ ಕಾಯಿದೆಯಂತೆ ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು; ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು.

ಈಗ ನಮ್ಮ ಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ವಿರಸ ಹುಟ್ಟಿದಾಗ ಒಬ್ಬರು ಮಗುವನ್ನು ಎತ್ತಿಕೊಂಡು ಬೆಂಗಳೂರಿನ ವಿಮಾನ ಹತ್ತುವುದುಂಟು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿನ ನ್ಯಾಯಾಲಯದ ಆದೇಶ ಒಂದು, ಇಲ್ಲಿನ ದಾವೆ ಮತ್ತೊಂದು. ನಡುವೆ ಮಗುವಿಗೆ ಶಾಲೆಯೂ ತಪ್ಪುತ್ತದೆ, ತಂದೆಯೋ ತಾಯಿಯೋ ದೂರವಾಗುತ್ತಾರೆ. ಇಂಥ ಸಮಯದಲ್ಲಿ ಅಜ್ಜಅಜ್ಜಿಯರ ಪಾತ್ರ ದೊಡ್ಡದು. ಬೆಂಕಿಗೆ ತುಪ್ಪ ಸುರಿಯುವುದೂ ಅವರ ಕೈಯಲ್ಲಿದೆ, ನೀರು ಹಾಕುವುದೂ ಅವರ ಕೈಯಲ್ಲಿದೆ.

ವಾಚಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಮನೆಯಲ್ಲಿ ವಿರಸ ಬಂದರೆ ಹಿರಿಯರು ಕೂಡಿ ಮಾತನಾಡಲಿ, ಅದು ನಮ್ಮ ಒಳ್ಳೆಯ ಪದ್ಧತಿ. ಆದರೆ ಆ ಕೂಟದಲ್ಲಿ ಹಿಂಸೆಯ ದೂರು ಬಂದರೆ 'ಹೊಂದಿಕೊಂಡು ಹೋಗು ತಾಯಿ' ಎನ್ನುವ ಮುನ್ನ ಅದು ನಿಜವೇ ಎಂದು ವಿಚಾರಿಸಲಿ. ಮಗುವನ್ನು ನಡುವೆ ನಿಲ್ಲಿಸಿ 'ಅಪ್ಪ ಬೇಕೋ ಅಮ್ಮ ಬೇಕೋ' ಎಂದು ಕೇಳುವುದು ಅದರ ಮಾತನ್ನು ಕೇಳಿದಂತಲ್ಲ. ಅದು ಕೂಸಿನ ತಲೆಯ ಮೇಲೆ ತೀರ್ಪಿನ ಹೊರೆ ಹೊರಿಸಿದಂತೆ. ಅದಕ್ಕೆ ನಂಬಿಕೆಯಿರುವ ಒಬ್ಬರು, ಸೋದರತ್ತೆಯೋ ಶಾಲೆಯ ಗುರುಗಳೋ, ಪಕ್ಕದಲ್ಲಿ ಕುಳಿತು ಅದು ತಾನಾಗಿ ಹೇಳುವುದನ್ನು ತಾಳ್ಮೆಯಿಂದ ಕೇಳಲಿ. ಕೇಳಿದ್ದನ್ನು ಒಂದು ಪಕ್ಷದ ಆಯುಧವಾಗಿಸದಿರಲಿ. ಮಗು ಮೈಮುಟ್ಟಿದವರ ಹೆಸರು ಹೇಳಿದರೆ, ಆ ಹೆಸರು ಎಷ್ಟೇ ದೊಡ್ಡದಾಗಿರಲಿ, ಮನೆತನದ ಮರ್ಯಾದೆಯ ನೆಪದಲ್ಲಿ ಅದರ ಬಾಯಿ ಮುಚ್ಚಿಸದಿರಲಿ.

ಹಾಗೆಯೇ ಕಾನೂನು ಓದಬಯಸುವ ಹೆಣ್ಣುಮಕ್ಕಳಿಗೆ 'ಸಂಸಾರದ ಜಗಳ ಬಿಡಿಸುವ ಕೆಲಸ ನಿನಗೇಕೆ' ಎನ್ನದಿರೋಣ. ಮುರಿದ ಮನೆಯ ಅವಶೇಷಗಳ ನಡುವೆ ಕೂಸಿಗೊಂದು ನೆರಳನ್ನು ಹುಡುಕಿಕೊಡುವ ಕೆಲಸ ಶ್ರೇಷ್ಠ ಕಾಯಕಗಳಲ್ಲೊಂದು. ಅದನ್ನು ನಿಷ್ಠೆಯಿಂದ ಮಾಡುವವರು ನಮ್ಮ ಮನೆಗಳಿಂದಲೂ ಬರಲಿ.